ಖುದ್ದೂಸ್ ಸಾಬರ ಸ್ಕ್ರೂಡ್ರೈವರ್

ಟೊಮೆಟೊ ತೋಟಕ್ಕೆ ಜನ ರಾತ್ರಿ ಕಾವಲು ಕೂತ ವರ್ಷ
ನಾನು ಆ ಕಾರು ಕೊಂಡೆ.
ಜರ್ಮನಿಯದು, ಸೆಕೆಂಡ್ ಹ್ಯಾಂಡು, ಕಡುನೀಲಿ,
ಸೊನ್ನೆಯಿಂದ ನೂರಕ್ಕೆ ನಾಲ್ಕೂವರೆ ಸೆಕೆಂಡು.
ಕೋಲಾರದಲ್ಲಿ ನೂರಕ್ಕೆ ಹೋಗಲು ಜಾಗ ಎಲ್ಲಿದೆ
ಎಂದಳು ಹೆಂಡತಿ ಸುಗುಣ.
ನಾನು ಕೀಲಿ ಬೆರಳಲ್ಲಿ ತಿರುಗಿಸುತ್ತಿದ್ದೆ.

ಧನುರ್ಮಾಸ ಬಂತು.
ಅಂತರಗಂಗೆ ಬೆಟ್ಟದಿಂದ ಮಂಜು ಇಳಿದು
ಮಂಡಿಯ ಕ್ರೇಟುಗಳ ಮೇಲೆ ಕೂರುವ ಹೊತ್ತಿಗೆ
ಸ್ಟಾರ್ಟು ಮಾಡಿದರೆ
ಬಾನೆಟ್ಟಿನಡಿ ಯಾರೋ ಬಾಗಿಲು ತಟ್ಟುತ್ತಿದ್ದಾರೆ.
ಟಕ್ ಟಕ್ ಟಕ್ ಟಕ್.
ಒಳಗೆ ಸಿಕ್ಕಿಕೊಂಡವರು ತಟ್ಟುವ ಹಾಗೆ.

ಬೆಂಗಳೂರಿನ ಶೋರೂಮಿಗೆ ಒಯ್ದೆ.
ಹೊಸಕೋಟೆ ದಾಟುವ ಮೊದಲೇ ಸದ್ದು ಸತ್ತಿತ್ತು.
ಕಂಪ್ಯೂಟರು ಚುಚ್ಚಿ ನೋಡಿದ ಹುಡುಗ
"ಏನೂ ಇಲ್ಲ ಸರ್" ಅಂದ. ಬಿಲ್ಲು ಮಾತ್ರ ಇತ್ತು.
ಮೂರು ಸಲ ಹೀಗೆ.
ಡಾಕ್ಟರ ಮೆಟ್ಟಿಲು ಹತ್ತಿದೊಡನೆ
ನಿಂತುಹೋಗುವ ಹಲ್ಲುನೋವು.

ಬಂಗಾರಪೇಟೆ ರಸ್ತೆಯಲ್ಲಿ ಖುದ್ದೂಸ್ ಸಾಬರ ಶೆಡ್ಡು.
ಎಡಗಿವಿ ಪೂರ್ತಿ ಕಿವುಡು, ಬಲಗಿವಿ ಅರ್ಧ;
ಮೂವತ್ತು ವರ್ಷ ಲಾರಿ ತಗಡಿನ ಮೇಲೆ ಬಿದ್ದ ಸುತ್ತಿಗೆ
ಅಷ್ಟಷ್ಟಾಗಿ ಅವರೊಳಗೂ ಬಿದ್ದಿದೆ.
ಸದ್ದಿನ ದೂರು ಹೊತ್ತು ಕಿವುಡರ ಬಾಗಿಲಿಗೆ ಬಂದವರಲ್ಲಿ
ನಾನು ಮೊದಲಿಗನೇನಲ್ಲವಂತೆ.

ನಾನೋ ಹರಾಜು ಕೂಗುವವನು.
ನಾನೂರು ನಾನೂರಹತ್ತು ನಾನೂರಿಪ್ಪತ್ತು
ಒಂದೇ ಉಸಿರು, ಇಡೀ ಯಾರ್ಡಿಗೆ ಕೇಳಬೇಕು.
ಆ ಗಂಟಲಲ್ಲೇ ಸದ್ದಿನ ವಿವರ ಕೂಗಿದೆ.
ನನ್ನ ತುಟಿಗಳನ್ನು ನೋಡುತ್ತಿದ್ದವರು
"ಗಾಡಿ ಬಿಟ್ಟು ಹೋಗಿ, ರಾತ್ರಿ ಮಲಗಲಿ" ಅಂದರು.
"ಬಿಸಿ ಇದ್ದಾಗ ಸುಳ್ಳು ಹೇಳುತ್ತೆ.
ತಣ್ಣಗಾಗಲಿ, ವಿಚಾರಿಸೋಣ."

ನಲವತ್ತು ಲಕ್ಷವನ್ನು ತಗಡಿನ ಶೆಡ್ಡಿನಲ್ಲಿ
ಒಂಟಿಯಾಗಿ ಬಿಡಲುಂಟೆ? ನಾನೂ ಉಳಿದೆ.
ಯಾವುದೋ ಅಂಬಾಸಿಡರಿನ ಬಿಚ್ಚಿಟ್ಟ ಸೀಟಿನ ಮೇಲೆ
ಅವರ ಕಂಬಳಿ ಹೊದ್ದು, ಗ್ರೀಸಿನ ವಾಸನೆ ಹೊದ್ದು.
ಕಾರು ತಣ್ಣಗಾಗುವುದು ಕೇಳಿಸುತ್ತಿತ್ತು.
ಟಿಣ್.
ಬಹಳ ಹೊತ್ತಿನ ಮೇಲೆ, ನಿದ್ದೆ ಬಂತು ಅನ್ನುವಾಗ,
ಟಿಣ್.
ಲೋಹ ತನ್ನೊಳಗೆ ತಾನೇ ಮುದುಡಿಕೊಳ್ಳುವ ಸದ್ದು.

ನಮಾಜು ಮುಗಿಸಿ ಬಂದು ಎಬ್ಬಿಸಿದರು.
ಮೊಳದುದ್ದದ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ ಒತ್ತಿ
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿದರು,
ಕಣ್ಣು ಮುಚ್ಚಿ, ಹಚ್ಚು ಎಂದು ಕೈ ಆಡಿಸಿದರು.

ಟಕ್ ಟಕ್ ಟಕ್ ಟಕ್.
ನಾನು ಬಾಯಿ ತೆರೆದೆ. ಬೆರಳೆತ್ತಿದರು. ಮುಚ್ಚಿದೆ.
ಒಂದನೇ ಸಿಲಿಂಡರು. ಎರಡು.
ಮೂರರ ಮೇಲೆ ಹುಬ್ಬು ಗಂಟಿಕ್ಕಿ ನಿಂತಿತು.
ಎಷ್ಟು ವರ್ಷವಾಗಿತ್ತೋ ನಾನು ಸುಮ್ಮನೆ ಎಣಿಸಿ,
ಬೆಲೆ ಇಲ್ಲದ ಅಂಕಿಗಳನ್ನು:
ನಲವತ್ತು, ಐವತ್ತು, ಎಪ್ಪತ್ತು.
ಟಕ್ಕು ತೆಳುವಾಯಿತು. ಟಿಕ್ಕಾಯಿತು.
ಎಂಬತ್ತೈದಕ್ಕೆ ಇರಲಿಲ್ಲ.

ಹಿಡಿಯನ್ನು ಲುಂಗಿಗೆ ಒರೆಸಿಕೊಂಡು ಹೇಳಿದರು:
"ಓಟಕ್ಕೆ ಅಂತ ಬಡಿದು ಮಾಡಿದ ಪಿಸ್ಟನ್ನು.
ಬಿಸಿಗೆ ಬಹಳ ಹಿಗ್ಗುತ್ತೆ,
ಹಿಗ್ಗೋ ಜಾಗ ಬಿಟ್ಟೇ ಕೂರಿಸಿದ್ದಾರೆ.
ಚಳಿಯಲ್ಲಿ ಅದು ಅಪ್ಪನ ಚಪ್ಪಲಿ ಮೆಟ್ಟಿದ ಹುಡುಗ,
ಗೋಡೆ ಗೋಡೆಗೆ ತಾಗಿಕೊಂಡು ನಡೆಯುತ್ತೆ.
ಬಿಸಿಯಾದ ಮೇಲೂ ಬಡಿದರೆ ಬನ್ನಿ,
ಆಗ ಬೇರಿಂಗು ಹೋಯಿತು ಅಂತ.
ಒಂದೂವರೆ ನಿಮಿಷ ಕಾಲು ಒತ್ತಬೇಡಿ. ಅಷ್ಟೇ ಔಷಧ."

ಒಂದೂವರೆ ನಿಮಿಷಕ್ಕೆ ನಾನು ಆರು ಲಾಟು ಮಾರುತ್ತೇನೆ.
ಚಹಾದ ಕಾಸು ಬಿಟ್ಟು ಏನೂ ಮುಟ್ಟಲಿಲ್ಲ ಅವರು.

ಫೋನಿನಲ್ಲಿ ಮಂಡಿಯಿಂದ ಹನ್ನೊಂದು ಮಿಸ್ಡ್ ಕಾಲು.
ನಾನೂ ಒಂದು ಸಲ ಕೇಳಲೇ ಅಂದೆ.
ಈಗ ಸಿಗಲ್ಲ, ಅಂದರು, ಆದರೂ ಕೊಟ್ಟರು.
ಹಿಡಿಯಲ್ಲಿ ಅವರ ಹಲ್ಲು ಕೊರೆದ ತಗ್ಗು.
ನನ್ನ ಹಲ್ಲು ಅದರಲ್ಲಿ ಸರಿಯಾಗಿ ಕೂರಲಿಲ್ಲ,
ಆಚೆಗೊಂದಿಷ್ಟು, ಈಚೆಗೊಂದಿಷ್ಟು ಸಡಿಲ.
ಹಾಗೇ ಕಚ್ಚಿಕೊಂಡು ನಿಂತೆ.